ಮುಫತ್ ಕಾವಲುಗಾರರು

ಬಸವಕಲ್ಯಾಣದ ಒಂದು ಮನೆಯ ಪಡಸಾಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿರುವ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿಗೆ ಈಗ ಕೆಲಸವಿಲ್ಲ. 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿಯ ಕೈಬಿಟ್ಟ ಮೇಲೆ ನಿವೃತ್ತಿ, ಪಿಂಚಣಿ ಇಲ್ಲ. ಇಂಟರ್ನೆಟ್ ತಂತಿ ಕಿತ್ತಿರುವುದರಿಂದ ಧೈರ್ಯವಾಗಿ ಮಾತಾಡಿತು.

ಪ್ರಶ್ನೆ: ನಿಮ್ಮೊಳಗೆ ಸ್ಪೈವೇರ್ ಎಂಬ ಗೂಢಚಾರರು ಸೇರಿಕೊಂಡದ್ದು ಹೇಗೆ?

ಕಂಪ್ಯೂಟರ್: ಸೇರ್ಕೊಂಡದ್ದಲ್ರೀ, ಕರದು ಕೂಡ್ಸಿದ್ದು. ಮನಿ ಹುಡುಗ್ರು ಬೊಂಜಿಬಡ್ಡಿ ಅಂತ ಒಂದು ನೇರಳೆ ಗೊರಿಲ್ಲಾ ಇಳಿಸ್ಕೊಂಡ್ರು. ಹಾಡ್ತಿತ್ತು, ಜೋಕ್ ಹೇಳ್ತಿತ್ತು. ತಂದಿ-ತಾಯಿಗಿ ಕೇಳದೇ ಮಕ್ಕಳ ಮಾಹಿತಿ ತಗೊಂಡದ್ದಕ್ಕ ಅಮೆರಿಕಾದಾಗ 2004ರಾಗ ಅದರ ಕಂಪನಿಗಿ 75 ಸಾವಿರ ಡಾಲರ್ ದಂಡ ಬಿತ್ತು. ಇಲ್ಲಿ ಅದು ಹಾಡೇ ಹಾಡ್ತು. ಆಮ್ಯಾಲ ಗೇಟರ್ ಬಂತು. ಪಾಸ್‌ವರ್ಡ್ ನಾ ನೆನಪಿಟ್ಕೋತೀನಿ ಅಂತು. ನಾವು ಎಲ್ಲೆಲ್ಲಿ ತಿರುಗ್ತೀವಿ ಅನ್ನೋದನ್ನೂ ಜಾಹೀರಾತಿನವ್ರ ಸಲುವಾಗಿ ನೆನಪಿಟ್ಕೊಂಡಿತ್ತು.

ಪ್ರಶ್ನೆ: ಮನೆಯವರು ವಿಚಾರಿಸಲಿಲ್ಲವೇ?

ಕಂಪ್ಯೂಟರ್: ಇದು ಕಲ್ಯಾಣ ರೀ! ಉಡುತಡಿಯಿಂದ ನಡಕೊಂಡು ಬಂದ ಅಕ್ಕಮಹಾದೇವಿಗೇ ಅಲ್ಲಮಪ್ರಭು ಸುಮ್ನ ಬಿಟ್ಟಾನೇನು? ನಿನ್ನ ಗಂಡ ಯಾರು, ಮೈಗಿ ಕೂದಲಾ ಯಾಕ ಮರಿ ಮಾಡಿದಿ ಅಂತ ತುಂಬಿದ ಅನುಭವ ಮಂಟಪದಾಗ ಕೇಳ್ಯಾನ. ಅದೇ ಊರಾಗ ನಮ್ಮನಿಯವ್ರು ‘ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ’. ಓದಿದವ್ರು ಯಾರೂ ಇಲ್ಲ.

ಪ್ರಶ್ನೆ: ಆಮೇಲೆ ಕಾವಲುಗಾರರು ಬಂದರು.

ಕಂಪ್ಯೂಟರ್: ದಂಡೇ ಬಂತು. ಎಲ್ಲಾ ಮುಫತ್. ಆ್ಯಡ್-ಅವೇರ್ ಬಂತು, ಸ್ಪೈಬಾಟ್ ಬಂತು, ಹೆಸರು ಮರ್ತವು ಇನ್ನೂ ಬಂದ್ವು. ಎಲ್ಲಾರ ಕೈಯಾಗೂ ಬೇಕಾದವ್ರ ಪಟ್ಟಿ. ಪಟ್ಟ್ಯಾಗ ಹೆಸರಿದ್ದವ ಕಳ್ಳ, ಇರದಿದ್ದವ ಸಂಭಾವಿತ. ಪಟ್ಟಿ ಹಳೇದಾದ್ರ ಹೊಸಾದು ತರಿಸ್ಬೇಕು. ಡಯಲ್-ಅಪ್ ಮ್ಯಾಲ ಅದು ಇಳಿಯೋದ್ರಾಗ ಮನ್ಯಾಗಿನ ಫೋನು ಮಧ್ಯಾಹ್ನದ ತನಕ ಎಂಗೇಜ್. ಅತ್ತೀ ಮನಿಯವ್ರು ಸಿಟ್ಟಾಗಿದ್ರು.

ಪ್ರಶ್ನೆ: ಕಳ್ಳರು ಸಿಕ್ಕರೇ?

ಕಂಪ್ಯೂಟರ್: ರಾಶಿ ಸಿಕ್ರು. ಒಂದು ನೂರಾರು ಅಪಾಯ ಅಂತು, ಇನ್ನೊಂದು ಬೆರಳೆಣಿಕಿ ಅಂತು. ನೋಡಿದ್ರ ಮೊದಲನೇದು ಒಂದೊಂದು ಕುಕ್ಕೀನೂ ಎಣಿಸಿತ್ತು. ಕುಕ್ಕಿ ಅಂದ್ರ ಜಾಲತಾಣದವ್ರು ಗುರುತಿಗಿ ಇಟ್ಟ ಚೀಟಿ. ಹಿಂಬಾಲಿಸ್ತದ ಖರೇ, ಆದ್ರ ಮನಿ ಮುರಿಯಂಗಿಲ್ಲ. ಸಂಖ್ಯೆ ದೊಡ್ಡದಿದ್ರ ಕಾವಲುಗಾರನ ಮೀಸಿ ದೊಡ್ಡದು ಕಾಣ್ತದ, ಅಷ್ಟೇ.

ಇವೆಲ್ಲದರಕಿಂತ ಚಂದ ಅಂದ್ರ ಸ್ಪೈಶೆರಿಫ್. ಹೆಸರಿನ್ಯಾಗೇ ಪೊಲೀಸ್! ಇಲ್ಲದ ರೋಗ ತೋರಿಸಿ, ಕಳೀಲಿಕ್ಕ ರೊಕ್ಕ ಕೇಳ್ತಿತ್ತು. ತಗದ್ರ ತಿರುಗಿ ಬರ್ತಿತ್ತು. ರೊಕ್ಕ ಕೊಡಲಿಕ್ಕ ಮನ್ಯಾಗ ಕ್ರೆಡಿಟ್ ಕಾರ್ಡ್ ಇರಲಿಲ್ಲ ಅಂತ ಉಳಕೊಂಡೆವು. ಬಡತನದಷ್ಟು ಗಟ್ಟಿ ಫೈರ್‌ವಾಲ್ ನಾ ನೋಡಿಲ್ಲ.

ಪ್ರಶ್ನೆ: ಹಾಗಾದರೆ ಪುಕ್ಕಟೆಯದೆಲ್ಲ ಮೋಸವೇ?

ಕಂಪ್ಯೂಟರ್: ಹಂಗ ಅನ್ನಬ್ಯಾಡ್ರಿ. ಸ್ಪೈಬಾಟ್ ಬರ್ದವ ಜರ್ಮನಿಯ ಪ್ಯಾಟ್ರಿಕ್ ಕೊಲ್ಲಾ. ಲೈಸೆನ್ಸ್ ಪತ್ರದಾಗ ಅವ ಅದನ್ನ ಜಗತ್ತಿನ್ಯಾಗಿನ ಎಲ್ಲಾರಕಿಂತ ಅದ್ಭುತ ಹುಡುಗಿಗಿ ಅರ್ಪಣಾ ಮಾಡಿದ್ದ. ಮನಸಿಗಿ ಬಂದ್ರ ದೇಣಿಗಿ ಕೊಡ್ರಿ ಅಂದಿದ್ದ. ಅದು ದಾಸೋಹ. ಹುಮನಾಬಾದ್ ಹತ್ರ ಮಾಣಿಕನಗರಕ್ಕ ಹೋಗ್ರಿ, ಪ್ರಸಾದಕ್ಕ ರೊಕ್ಕಿಲ್ಲ. ಹಂಗಂತ ಯಾರು ಎಷ್ಟು ಉಂಡ್ರು, ಉಂಡು ಎಲ್ಲಿ ಹೋದ್ರು ಅಂತ ಬರಕೊಂಡು ಪ್ಯಾಟ್ಯಾಗ ಮಾರಂಗಿಲ್ಲ. ಅವಾಸ್ಟ್ ಮಾರಿತ್ತು ನೋಡ್ರಿ. ಪುಕ್ಕಟ ಆ್ಯಂಟಿವೈರಸ್ ಕೊಟ್ಟು, ಜನ ಯಾವ ಪುಟ ನೋಡಿದ್ರು ಅನ್ನೋದನ್ನ ಜಂಪ್‌ಶಾಟ್ ಅಂಬೋ ತನ್ನ ಕಂಪನಿ ಕಡಿಂದ ಮಾರಿತ್ತು. 2020ರಾಗ ಬಯಲಾಗಿ ಆ ಅಂಗಡಿ ಮುಚ್ಚಿತು. ಆ ತಪ್ಪಿಗಿ 2024ರಾಗ ಅವಾಸ್ಟ್ 1 ಕೋಟಿ 65 ಲಕ್ಷ ಡಾಲರಿನ ಲೆಕ್ಕ ಚುಕ್ತಾ ಮಾಡ್ತು. ಇನ್ನ 2017ರಾಗ, ಕಂಪ್ಯೂಟರಿನ ಕಸ ಗುಡಿಸೋ ಸಿಕ್ಲೀನರ್ ಅಂಬೋ ಕಸಬರಿಗಿಯೊಳಗೇ ಯಾರೋ ವೈರಸ್ ಕಟ್ಟಿ ಕಳಿಸಿದ್ರು. ಇಳಿಸ್ಕೊಂಡ ಕಂಪ್ಯೂಟರ್ 22 ಲಕ್ಷಕ್ಕಿಂತ ಹೆಚ್ಚು.

ಪ್ರಶ್ನೆ: ನಮ್ಮ ಸರ್ಕಾರವೂ ಉಚಿತ ಉಪಕರಣ ಕೊಡುತ್ತದಲ್ಲ, ಸೈಬರ್ ಸ್ವಚ್ಛತಾ ಕೇಂದ್ರದಿಂದ?

ಕಂಪ್ಯೂಟರ್: ಅದು ಸುರುವಾದದ್ದು 2017ರಾಗ. ಅಷ್ಟೊತ್ತಿಗಿ ನಾ ಬಟ್ಟಿ ಹೊದ್ದಿದ್ದೆ.

ಪ್ರಶ್ನೆ: ನಿಮ್ಮ ಕಾಯಿಲೆ ಕಡೆಗೆ ವಾಸಿಯಾದದ್ದು ಹೇಗೆ?

ಕಂಪ್ಯೂಟರ್: ಹುಮನಾಬಾದಕ್ಕ ಒಯ್ದ್ರು. ಬಸ್ಸಿನ್ಯಾಗ ತೊಡಿ ಮ್ಯಾಲ ಕೂಡ್ಸಿಕೊಂಡು, ಸಸ್ತಾಪುರ ಬಂಗ್ಲಾದ ಕಡಿಂದ ಹೈವೇ ಹಿಡದು. ಅಂಗಡಿ ಹುಡುಗನ ಕಡಿ ಯಾವ ರೋಗಕ್ಕೂ ಒಂದೇ ಮದ್ದು: ಫಾರ್ಮ್ಯಾಟ್. ಗೂಢಚಾರ್ರೂ ಹೋದ್ರು, ಕಾವಲುಗಾರ್ರೂ ಹೋದ್ರು, ವೀರಭದ್ರೇಶ್ವರ ಜಾತ್ರಿ ಫೋಟೋನೂ ಹೋದ್ವು.

ಪ್ರಶ್ನೆ: ಮೈಕ್ರೋಸಾಫ್ಟ್ 2004ರಲ್ಲಿ ಜೈಂಟ್ ಎಂಬ ಕಂಪನಿಯನ್ನು ಕೊಂಡು, ಅದರ ಕಾವಲುಗಾರನನ್ನೇ 2006ರಲ್ಲಿ ಡಿಫೆಂಡರ್ ಅಂತ ಪುಕ್ಕಟೆ ಕೊಟ್ಟಿತಲ್ಲ. ಆಮೇಲಾದರೂ ಅದನ್ನು ಹಾಕಬಹುದಿತ್ತು.

ಕಂಪ್ಯೂಟರ್: ಹಾಕ್ಲಿಕ್ಕ ಹೋಗಿದ್ರು. ಅದೊಂದೇ ಒಳಗ ಬರೋಕಿಂತ ಮೊದಲು ಹೊಸ್ತಿಲ ಮ್ಯಾಲ ನಿಂತು ಕೇಳ್ತು: ನಿನ್ನ ವಿಂಡೋಸ್ ಅಸಲಿನೋ, ನಕಲಿನೋ?

ಪ್ರಶ್ನೆ: ನೀವೇನಂದಿರಿ?

ಕಂಪ್ಯೂಟರ್: ಹುಮನಾಬಾದದಾಗ ಹಾಕಿದ ಸಿಡಿ ಮ್ಯಾಲ ಮಾರ್ಕರ್ ಪೆನ್ನಿಲೆ ‘ಎಕ್ಸ್‌ಪಿ’ ಅಂತ ಬರ್ದಿತ್ತು ರೀ. ಬ್ಯಾರೆ ಏನರೆ ಕೇಳ್ರಿ.