ಸರ್ಕಾರ ಶಾಲು ಹೊದಿಸಿತು, ನೀವು ಕಾರ್ನ್‌ಫ್ಲೋರ್ ಹೊದಿಸುತ್ತೀರಿ

(ಮಹಾರಾಷ್ಟ್ರದ ರಾಜ್ಯ ಮೀನು ಶ್ರೀ ಪಾಪ್ಲೆಟ್, ಅಂದರೆ ಪಾಂಫ್ರೆಟ್, ಅವರೊಂದಿಗೆ ಡೊಂಬಿವಲಿಯ ಕನ್ನಡಿಗರೊಬ್ಬರ ಅಡುಗೆಮನೆಯಲ್ಲಿ ನಡೆದ ಮಾತುಕತೆ. ಭಾನುವಾರದ ‘ಸ್ವೀಟ್ ಅಂಡ್ ಸೋರ್ ಫಿಶ್’ನಲ್ಲಿ ಏನಾದರೂ ಹೊಸರುಚಿ ತೋರಿಸಲೇಬೇಕೆಂದು ಹೊರಟ ಮನೆಯ ಯಜಮಾನರು ಸಾಸ್ ಬಾಟಲಿ ತರಲು ಕೆಳಗಿಳಿದಿದ್ದರು. ಸಂದರ್ಶಿತರು ಉಪ್ಪು, ಅರಿಸಿನ ಸವರಿಕೊಂಡು ಸ್ಟೀಲ್ ತಟ್ಟೆಯಲ್ಲಿ ಒರಗಿದ್ದರು.)

ಪ್ರಶ್ನೆ: 2023ರ ಸೆಪ್ಟೆಂಬರಿನಲ್ಲಿ ತಮ್ಮನ್ನು ರಾಜ್ಯ ಮೀನೆಂದು ಘೋಷಿಸಿದರು. ಬದುಕು ಬದಲಾಯಿತೇ?

ಪಾಪ್ಲೆಟ್: ಬದಲಾಗದೆ ಏನು ಮಾರಾಯ್ರೆ! ಮೊದಲು ಮೀನು ಎಂದು ಹುರಿಯುತ್ತಿದ್ದರು, ಈಗ ರಾಜ್ಯ ಮೀನು ಎಂದು ಗೌರವದಿಂದ ಹುರಿಯುತ್ತಾರೆ. ಈ ರಾಜ್ಯದ ಪ್ರಾಣಿ ಶೇಕರು ಅಳಿಲು, ಪಕ್ಷಿ ಹರಿಯಾಲ ಪಾರಿವಾಳ. ಅವರಿಬ್ಬರ ಮೈಮೇಲೆ ಯಾರಾದರೂ ನಿಂಬೆಹಣ್ಣು ಹಿಂಡಿದ್ದನ್ನು ಕಂಡಿದ್ದೀರಾ? ಈ ಗೌರವಕ್ಕಾಗಿ ಬೇಡಿಕೆ ಇಟ್ಟವರು ಪಾಲ್ಘರ್ ಜಿಲ್ಲೆಯ ಸಾತ್ಪಾಟಿಯ ಮೀನುಗಾರರು. ಮರಿಗಳನ್ನೂ ಬಾಚಿದರೆ ನಾಳೆ ಬಲೆಗೆ ಬೀಳುವುದು ಬರೀ ನೀರು ಎನ್ನುವುದು ಅವರಿಗೆ ಗೊತ್ತು. ಅಂಗೈ ತುಂಬದ ನಮ್ಮ ಮಕ್ಕಳನ್ನು ಪೇಟೆಯಲ್ಲಿ ಗುಡ್ಡೆ ಹಾಕಿ ಮಾರುವವರಿಗೂ, ಅಗ್ಗ ಎಂದು ಕೊಳ್ಳುವವರಿಗೂ ಅದು ಇನ್ನೂ ತಲೆಗೆ ಹೋಗಿಲ್ಲ.

ಪ್ರಶ್ನೆ: ತಮ್ಮ ಕನ್ನಡ ಚೆನ್ನಾಗಿದೆ.

ಪಾಪ್ಲೆಟ್: ಮುಂಬಯಿಯಲ್ಲಿ ಮೀನಾಗಿ ಹುಟ್ಟಿ ನಿಮ್ಮವರ ಭಾಷೆ ಬರದಿದ್ದರೆ ಆದೀತೇ? ಮೊಗವೀರರು 1902ರಲ್ಲೇ ಈ ಊರಿನಲ್ಲಿ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. ಬಲೆ ಎಳೆಯುವವರಿಗೆ ಸಂಘ ಬಂದು ನೂರಿಪ್ಪತ್ತು ವರ್ಷ ದಾಟಿತು, ಬಲೆಯೊಳಗಿನವರಿಗೆ ಇನ್ನೂ ಒಂದು ತಾತ್ಕಾಲಿಕ ಸಮಿತಿಯೂ ಇಲ್ಲ. ಕೋಟೆ ಪ್ರದೇಶಕ್ಕೆ ಹೋಗಿ, ಮಹೇಶ್ ಲಂಚ್ ಹೋಮಿನಲ್ಲಿ ಕುಳಿತರೆ ನಮ್ಮ ಬಗ್ಗೆ ನಡೆಯುವ ಚರ್ಚೆಯಲ್ಲಿ ಮಂಗಳೂರಿನ ಮಾತೇ ಹೆಚ್ಚು ಕಿವಿಗೆ ಬೀಳುತ್ತದೆ. ಅಲ್ಲಿನವರಿಗೆ ನಾನು ಮಾಂಜಿ.

ಪ್ರಶ್ನೆ: ಇವತ್ತು ತಮ್ಮ ಪಾಲಿಗೆ ಸಿಹಿ-ಹುಳಿ. ಹೊಸ ಅನುಭವ ಅಲ್ಲವೇ?

ಪಾಪ್ಲೆಟ್: ಹೊಸದು ಯಜಮಾನರಿಗೆ. ನಾನು ಈ ಊರಿನ ಪಾರ್ಸಿಗಳ ಮದುವೆ ಊಟದಲ್ಲಿ ‘ಸಾಸ್ ನಿ ಮಚ್ಛಿ’ ಆಗಿ ಎಷ್ಟೋ ಕಾಲದಿಂದ ಮುಳುಗೇಳುತ್ತಿದ್ದೇನೆ. ಅಕ್ಕಿಹಿಟ್ಟು, ವಿನಿಗರ್, ಸಕ್ಕರೆ, ಮೊಟ್ಟೆ ಸೇರಿದ ಬಿಳಿ ಸಾರು ಅದು. ಬಾಟಲಿ ಯಾರೂ ತೆರೆಯುವುದಿಲ್ಲ. ಇನ್ನು ಚೀನಾದ ಸೂಚೌ ನಗರದಲ್ಲಿ ನಮ್ಮ ದೂರದ ಬಂಧುವೊಬ್ಬನನ್ನು ಚೌಕ ಚೌಕ ಗೀರಿ ಕರಿದು, ಬಾಲ ನಿಗುರಿಸಿದ ಅಳಿಲಿನ ಆಕಾರಕ್ಕೆ ತಂದು, ಮೇಲೆ ಸಿಹಿ-ಹುಳಿ ಸುರಿಯುತ್ತಾರೆ. ನೋಡಿ, ಅಲ್ಲಿಯೂ ಹೆಸರು ಅಳಿಲಿಗೆ, ಬಾಣಲೆ ಮೀನಿಗೆ.

ಪ್ರಶ್ನೆ: ಹಾಗಾದರೆ ಯಜಮಾನರು ತರಲು ಹೋದ ಕೆಂಪು ಸಾಸ್?

ಪಾಪ್ಲೆಟ್: ಅದು ಮುಂಬಯಿ ಚೀನಾದ್ದು. ಕಲ್ಕತ್ತದಿಂದ ಬಂದ ನೆಲ್ಸನ್ ವಾಂಗ್ 1975ರಲ್ಲಿ ಇಲ್ಲಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಹುರಿದು, ಸೋಯಾ ಸಾಸ್, ಕಾರ್ನ್‌ಫ್ಲೋರ್ ಬೆರೆಸಿ ಚಿಕನ್ ಮಂಚೂರಿಯನ್ ಹುಟ್ಟಿಸಿದರು ಎನ್ನುತ್ತಾರೆ. ಕೋಳಿಗೆ ತಗುಲಿದ ಆ ಕಾರ್ನ್‌ಫ್ಲೋರ್ ಹೂಕೋಸಿಗೆ ಹಬ್ಬಿತು, ಆಮೇಲೆ ನಮಗೂ. ಮುಂದೆ ನಿಮ್ಮ ಶೆಟ್ಟರ ಹೋಟೆಲುಗಳ ಮೆನುವಿನಲ್ಲಿ ಇಡ್ಲಿ, ಪಾವ್‌ಭಾಜಿ, ಪನ್ನೀರ್ ಟಿಕ್ಕಾ ದಾಟಿ ಬಂದರೆ ‘ಚೈನೀಸ್’ ಎಂಬ ಪುಟ. ಅಲ್ಲಿ ಸ್ವೀಟ್ ಅಂಡ್ ಸೋರ್ ಅಂದರೆ ಟೊಮೆಟೊ ಕೆಚಪ್, ಸಕ್ಕರೆ, ವಿನಿಗರ್, ಡಬ್ಬಿಯ ಅನಾನಸು. ಕೆಚಪ್ಪಿನ ವಂಶ ಗೊತ್ತೇ? ದಕ್ಷಿಣ ಚೀನಾದ ಕಡಲತೀರದಲ್ಲಿ ಮೀನನ್ನು ಉಪ್ಪಿನಲ್ಲಿ ಹುಳಿಸಿ ಬಸಿದ ರಸ ಅದರ ಮೂಲ. ಇಂಗ್ಲಿಷ್ ನಾವಿಕರು ಹೊತ್ತೊಯ್ದರು, ಅವರ ಕೈಯಲ್ಲಿ ಅದು ಅಣಬೆಯದ್ದಾಯಿತು, ಬಹಳ ತಡವಾಗಿ ಟೊಮೆಟೊದ್ದು. ನಮ್ಮ ಅಜ್ಜನ ರಸವನ್ನೇ ಇಷ್ಟು ಸುತ್ತಿ ತಂದು ಮೊಮ್ಮಗನ ತಲೆಗೆ ಸುರಿಯುತ್ತೀರಿ!

ಪ್ರಶ್ನೆ: ಟೀಕಿಸುವುದು ಸುಲಭ. ತಮ್ಮ ಲೆಕ್ಕದಲ್ಲಿ ಹೊಸರುಚಿ ಯಾವುದು?

ಪಾಪ್ಲೆಟ್: ಈ ಮನೆಯ ಡಬ್ಬಿಗಳಲ್ಲೇ ಇದೆ, ಕೆಳಗಿಳಿಯಬೇಕಿರಲಿಲ್ಲ. ಯಜಮಾನರ ತಾಯಿ ಅನಾನಸಿನ ಮೆಣಸ್ಕಾಯಿ ಮಾಡುತ್ತಾರಲ್ಲ? ಬ್ಯಾಡಗಿ ಮೆಣಸು, ಎಳ್ಳು, ಉದ್ದಿನಬೇಳೆ, ತೆಂಗಿನತುರಿ ಹುರಿದು ಅರೆದು, ಹುಣಸೆಹುಳಿ, ಬೆಲ್ಲ ಹಾಕಿ ಕುದಿಸುವುದು. ಸಿಹಿ, ಹುಳಿ, ಖಾರ ಮೂರೂ ಅದರಲ್ಲಿ ಜಗಳವಾಡದೆ ಕೂತಿವೆ. ಅದನ್ನು ಸ್ವಲ್ಪ ತೆಳ್ಳಗೆ ಮಾಡಿಕೊಂಡರೆ ಕರಿದ ಮೀನಿಗೆ ಬೇರೆ ಸಾಸ್ ಯಾಕೆ? ಕಾರ್ನ್‌ಫ್ಲೋರೂ ಬೇಡ, ಅರೆದ ಎಳ್ಳೇ ಗಟ್ಟಿ ಮಾಡುತ್ತದೆ. ಕೊನೆಗೆ ನಾಲ್ಕು ಜುಮ್ಮನಕಾಯಿಯ ಸಿಪ್ಪೆ ಜಜ್ಜಿ ಹಾಕಿ. ಕೊಂಕಣಿಯವರು ಬಂಗುಡೆ ಸಾರಿಗೆ ಹಾಕುವ ತೆಪ್ಪಳ್ ಅದೇ. ಚೀನಾದ ಸಿಚುವಾನ್ ಮೆಣಸು ಅದರ ಸೋದರ, ಸಸ್ಯಶಾಸ್ತ್ರದಲ್ಲಿ ಇಬ್ಬರದೂ ಒಂದೇ ಕುಲ. ತಮಾಷೆ ಎಂದರೆ, ಮುಂಬಯಿಯ ದೋಸೆಗೂ ಬಳಿಯುವ ‘ಶೇಜ್ವಾನ್’ ಚಟ್ನಿಯಲ್ಲಿ ಸಾಮಾನ್ಯವಾಗಿ ಇರುವುದು ಒಣಮೆಣಸು, ಬೆಳ್ಳುಳ್ಳಿ. ಸಿಚುವಾನ್ ಮೆಣಸಿನ ಪತ್ತೆಯೇ ಇಲ್ಲ. ಅಸಲಿ ನೆಂಟ ಕಾರವಾರದ ಅಜ್ಜಿಯ ಡಬ್ಬಿಯಲ್ಲಿ ಒಣಗಿ ಕೂತಿದ್ದಾನೆ.

ಪ್ರಶ್ನೆ: ಆದರೆ ಮೆಣಸ್ಕಾಯಿ ಮಠದ ಪಂಕ್ತಿಯ ಪದಾರ್ಥ. ಮಾಟುಂಗದ ಸಸ್ಯಾಹಾರಿಗಳು ಕೇಳಿದರೆ?

ಪಾಪ್ಲೆಟ್: 1942ರಿಂದ ಮಾಟುಂಗದ ಶ್ರೀಕೃಷ್ಣ ಬೋರ್ಡಿಂಗಿಗೆ ಯಾವ ಮೀನೂ ಕಾಲಿಟ್ಟಿಲ್ಲ. ನಮಗೆ ಕಾಲೂ ಇಲ್ಲ. ನಾನು ಅಲ್ಲಿಗೆ ಹೋಗುವುದಿಲ್ಲ, ಅನಾನಸು ಇಲ್ಲಿಗೆ ಬರಲಿ. ಅನಾನಸಿಗೆ ಮಡಿಯಿಲ್ಲ.

ಪ್ರಶ್ನೆ: ಮೀನು ಮೆತ್ತಗಾಯಿತು ಎಂಬ ದೂರು ಎಲ್ಲ ಮನೆಗಳಲ್ಲೂ ಇದೆ.

ಪಾಪ್ಲೆಟ್: ದೂರು ನಮ್ಮದು, ನಿಮ್ಮದಲ್ಲ! ತೊಳೆದ ನೀರು ಮೈಯಲ್ಲೇ ಇರುವಾಗ ಎಣ್ಣೆಗೆ ಬಿಡುತ್ತೀರಿ. ಎಣ್ಣೆ ಸಿಡಿದರೆ ನಮ್ಮನ್ನು ಬೈಯುತ್ತೀರಿ. ಬಟ್ಟೆಯಲ್ಲಿ ಒತ್ತಿ ಒರಸಿ, ಬರೀ ಮೈದಾ ಬಿಟ್ಟು ಅಕ್ಕಿಹಿಟ್ಟು ಸೇರಿಸಿ, ಒಮ್ಮೆ ಕರಿದು ತೆಗೆದು, ಬಡಿಸುವ ಮುನ್ನ ಎಣ್ಣೆ ಚೆನ್ನಾಗಿ ಕಾಯಿಸಿ ಇನ್ನೊಮ್ಮೆ. ಹಸಿ ಅನಾನಸಿನ ರಸದಲ್ಲಿ ಮಾತ್ರ ನಮ್ಮನ್ನು ನೆನೆಹಾಕಬೇಡಿ, ಅದರಲ್ಲಿರುವ ಕಿಣ್ವ ಮಾಂಸವನ್ನು ಮುದ್ದೆ ಮಾಡಿಬಿಡುತ್ತದೆ. ಕುದಿಸಿದರೆ ಆ ಕಿಣ್ವದ ಆಟ ಮುಗಿಯಿತು, ಮೆಣಸ್ಕಾಯಿ ಮಾಡುವವರು ಅದನ್ನು ಹೇಗೂ ಕುದಿಸುತ್ತಾರೆ. ಇನ್ನೊಂದು ಮಾತು, ಫೋಟೋ ತೆಗೆಯುವ ಪದ್ಧತಿಯೇ ಎಲ್ಲ ಹಾಳು ಮಾಡಿದ್ದು. ಗೊಜ್ಜು ಸುರಿದು, ಕೊತ್ತಂಬರಿ ಉದುರಿಸಿ, ಕಿಟಕಿಯ ಬಳಿ ಬೆಳಕು ಹುಡುಕಿ, ಊರಿಗೆಲ್ಲ ಕಳಿಸಿ ಮುಗಿಯುವಷ್ಟರಲ್ಲಿ ಗರಿಗರಿ ಎಲ್ಲಿ ಉಳಿಯುತ್ತದೆ? ಗೊಜ್ಜು ಬಟ್ಟಲಿನಲ್ಲಿ ಬೇರೆ ಇಡಿ. ನೀರುದೋಸೆಯೋ ಕುಚ್ಚಲಕ್ಕಿ ಅನ್ನವೋ ಜೊತೆಗಿರಲಿ, ಫ್ರೈಡ್ ರೈಸ್ ಬೇಡ.

ಪ್ರಶ್ನೆ: ಸೊಸೈಟಿಯಲ್ಲಿ ವಾಸನೆಯ ತಕರಾರು?

ಪಾಪ್ಲೆಟ್: ಹುರಿದ ಎಳ್ಳು, ಬೆಲ್ಲದ ಪರಿಮಳಕ್ಕೆ ಮೇಲಿನ ಮಹಡಿಯವರು ಲಿಫ್ಟಿನಲ್ಲೇ ಕೇಳುತ್ತಾರೆ, ‘ಇವತ್ತು ಏನು ವಿಶೇಷ?’ ಹಬ್ಬ ಎಂದು ಹೇಳಿ.

ಪ್ರಶ್ನೆ: ಈ ಅಡುಗೆಗೆ ತಾವೇ ಅತ್ಯುತ್ತಮ ಎನ್ನಬಹುದೇ?

ಪಾಪ್ಲೆಟ್: (ತುಸು ಗಾಬರಿಯಿಂದ) ಛೇ, ಛೇ! ನನ್ನ ಸೌಮ್ಯ ಮಾಂಸಕ್ಕೆ ಉಪ್ಪು, ಅರಿಸಿನ, ಒಂದಿಷ್ಟು ಮೆಣಸಿನಪುಡಿ ಸಾಕು. ಇಷ್ಟು ದರ ಕೊಟ್ಟು ತಂದು ಗೊಜ್ಜಿನಲ್ಲಿ ಅದ್ದುವುದು ವ್ಯರ್ಥ. ಇದಕ್ಕೆ ಕಾಣೆಯೇ ಸರಿ. ರಾವಸ್ ಸಿಕ್ಕರೂ ಆಯಿತು. ಬೊಂಬಿಲ್ ಬೇಡ, ಮೈಯೆಲ್ಲ ನೀರು, ಭಾರ ಹೇರಿ ಹಿಂಡಿ ತೆಗೆಯಬೇಕು. ಬಂಗುಡೆಯ ಎಣ್ಣೆಗೂ ಬೆಲ್ಲಕ್ಕೂ ಹೊಂದುವುದಿಲ್ಲ, ಹುಳಿ-ಮೆಣಸೇ ಅದರ ಜಾಯಮಾನ.

ಪ್ರಶ್ನೆ: ಎಷ್ಟೋ ಹೋಟೆಲುಗಳು ಬರೀ ‘ಫಿಶ್’ ಎಂದು ಬರೆದು ವಿಯೆಟ್ನಾಮಿನ ಬಾಸಾ ಬಡಿಸುತ್ತವೆ. ಸ್ಥಳೀಯರಾಗಿ ತಮಗೆ ಬೇಸರವಿಲ್ಲವೇ?

ಪಾಪ್ಲೆಟ್: ಸ್ಥಳೀಯರಿಗೇ ಮೊದಲ ಆದ್ಯತೆ ಎಂದು ಈ ನಗರದಲ್ಲಿ ಎಷ್ಟೋ ಚಳವಳಿಗಳು ನಡೆದಿವೆ. ಬಾಣಲೆಯ ವಿಷಯದಲ್ಲಿ ಮಾತ್ರ ಅಂಥದ್ದೊಂದು ನಡೆಯದಿರಲಿ ಎಂದು ನಾನು ಹರಕೆ ಹೊತ್ತಿದ್ದೇನೆ. ಬಾಸಾಗೆ ಮುಳ್ಳಿಲ್ಲ, ರುಚಿಯಿಲ್ಲ, ವೀಸಾದ ತಾಪತ್ರಯವೂ ಇಲ್ಲ. ಬರಲಿ ಮಾರಾಯ್ರೆ, ಇನ್ನೂ ಬರಲಿ! ಬೇಕಾದರೆ ರಾಜ್ಯ ಮೀನಿನ ಪಟ್ಟವನ್ನೂ ಅದಕ್ಕೇ ಬಿಟ್ಟುಕೊಡುತ್ತೇನೆ, ಅರ್ಜಿ ಎಲ್ಲಿ ಕೊಡಬೇಕೆಂದು ನೀವೇ ಸ್ವಲ್ಪ ವಿಚಾರಿಸಿ ಹೇಳಿ. ಯಜಮಾನರು ಮೇಲೆ ಬರುವುದರೊಳಗೆ.