ಎಂಬತ್ತು ನಿಮಿಷದ ಹಾಡು, ಐವತ್ತು ವರ್ಷದ ಜಗಳ

ಯೆಸ್ ಎಂಬ ಇಂಗ್ಲಿಷ್ ರಾಕ್ ತಂಡದ ಅಭಿಮಾನಿಗಳನ್ನು ಗುರುತು ಹಿಡಿಯುವುದು ಕಷ್ಟವಲ್ಲ. ದುಬಾರಿ ಟಿಕೆಟ್ ಕೊಂಡು, ಬಾಗಿಲು ತೆರೆಯುವುದಕ್ಕೆ ಎಷ್ಟೋ ಹೊತ್ತು ಮೊದಲೇ ಬಂದು, ತಂಡದ ಹೆಸರಿರುವ ಟೀ ಶರ್ಟು ತೊಟ್ಟು ಸಾಲಿನಲ್ಲಿ ನಿಂತು, "ಒಳಗೆ ನುಡಿಸಲಿರುವುದು ಯೆಸ್ ತಂಡವೇ ಅಲ್ಲ" ಎಂದು ಪಕ್ಕದವರೊಡನೆ ವಾದಕ್ಕಿಳಿದಿರುತ್ತಾರೆ. ಪಕ್ಕದವರೂ ಅಭಿಮಾನಿಗಳೇ. ಅವರ ಪ್ರಕಾರ ಇವತ್ತಿನದು ಯೆಸ್ಸೇ, 1983ರಲ್ಲಿ ಇದ್ದದ್ದು ಮಾತ್ರ ಅಲ್ಲ.

2024ರಲ್ಲಿ ಇಂಗ್ಲೆಂಡಿನ ಮಗಳ ಮನೆಗೆ ಹೋಗಿದ್ದಾಗ ಆ ಸಾಲಿನಲ್ಲಿ ನಿಲ್ಲುವ ಯೋಗ ನನಗೂ ಬಂತು. "ಅಪ್ಪ ಹಾಸ್ಟೆಲ್ ಕಾಲದಿಂದ ಕೇಳ್ಕೊಂಡು ಬಂದಿದ್ದು" ಎಂದು ಮಗಳು ಟಿಕೆಟ್ ತೆಗೆದಿದ್ದಳು. ನಾನು ರೈಲು ತಪ್ಪಿ ಇನ್ನೆಲ್ಲೋ ಇಳಿಯದಿರಲಿ ಎಂದು ಅಳಿಯಂದಿರನ್ನೂ ಜೊತೆಗೆ ಕಳಿಸಿದಳು. ಅಳಿಯಂದಿರು ಮೈಸೂರಿನ ವೈಣಿಕರ ಮನೆತನದವರು. ರಾಕ್ ಸಂಗೀತದ ಬಗ್ಗೆ ಅವರಿಗೆ ದ್ವೇಷವಿಲ್ಲ. ಅದು ಇದೆ ಎಂಬುದನ್ನೇ ಅವರು ಅಷ್ಟಾಗಿ ಗಮನಿಸಿರಲಿಲ್ಲ.

ರೈಲಿನಲ್ಲಿ ಕೇಳಿದರು: "ಮಾವ, ಈ ಪ್ರಾಗ್ರೆಸಿವ್ ರಾಕ್ ಅಂದ್ರೇನು?"

ಮೂರು ನಿಮಿಷದಲ್ಲಿ ಮುಗಿಸಬಹುದಾದ ಹಾಡನ್ನು ಇಪ್ಪತ್ತು ನಿಮಿಷವಾದರೂ ಮುಗಿಸದೆ ಇರುವ ವಿದ್ಯೆ ಎಂದೆ. ಆಲಾಪನೆ ಕೇಳಿ ಬೆಳೆದವರಾದ್ದರಿಂದ ಇದರಲ್ಲಿ ಅವರಿಗೆ ವಿಚಿತ್ರವೇನೂ ಕಾಣಲಿಲ್ಲ. "ತಂಡದಲ್ಲಿ ಯಾರು ಯಾರಿದ್ದಾರೆ?" ಎಂಬ ಮುಂದಿನ ಪ್ರಶ್ನೆ ಮಾತ್ರ ನಮ್ಮ ನಿಲ್ದಾಣ ಬರುವವರೆಗೂ ಮುಗಿಯಲಿಲ್ಲ.

1968ರಲ್ಲಿ ಲಂಡನ್ನಿನಲ್ಲಿ ಗಾಯಕ ಜಾನ್ ಆಂಡರ್ಸನ್, ಬಾಸ್ ಗಿಟಾರಿನ ಕ್ರಿಸ್ ಸ್ಕ್ವೈರ್ ಸೇರಿ ಕಟ್ಟಿದ ಐವರ ತಂಡ ಇದು. 1970ರಲ್ಲಿ ಗಿಟಾರಿಗೆ ಸ್ಟೀವ್ ಹೌ ಬಂದರು, ಮರುವರ್ಷ ಕೀಬೋರ್ಡಿಗೆ ರಿಕ್ ವೇಕ್‌ಮನ್. 1972ರಲ್ಲಿ 'ಕ್ಲೋಸ್ ಟು ದಿ ಎಡ್ಜ್' ಆಲ್ಬಮ್ಮಿಗೆ ಡ್ರಮ್ಸ್ ನುಡಿಸಿದ ಬಿಲ್ ಬ್ರೂಫರ್ಡ್, ಅದು ಅಂಗಡಿಗೆ ಬರುವ ಮೊದಲೇ ಕಿಂಗ್ ಕ್ರಿಮ್ಸನ್ ತಂಡಕ್ಕೆ ಹೊರಟುಹೋದರು. ಅವರ ಜಾಗಕ್ಕೆ ಬಂದ ಅಲನ್ ವೈಟ್ ಮೂರೇ ದಿನದಲ್ಲಿ ಹಾಡುಗಳನ್ನು ಕಲಿತು ಅಮೆರಿಕದ ವೇದಿಕೆ ಹತ್ತಿದರು. ವೇಕ್‌ಮನ್ ಬಿಟ್ಟರು, ಬಂದರು, ಮತ್ತೆ ಬಿಟ್ಟರು, ಮತ್ತೆ ಬಂದರು; ಈ ವಾಕ್ಯ ಇನ್ನೂ ಸ್ವಲ್ಪ ದೂರ ಹೋಗುತ್ತದೆ. 1980ರಲ್ಲಿ ಆಂಡರ್ಸನ್ನರೂ ಬಿಟ್ಟಾಗ 'ಬಗಲ್ಸ್' ಎಂಬ ಪಾಪ್ ಜೋಡಿಯನ್ನೇ ಇಡಿಯಾಗಿ ಸೇರಿಸಿಕೊಂಡು 'ಡ್ರಾಮಾ' ಎಂಬ ಆಲ್ಬಮ್ ತಂದರು.

"ಗಾಯಕರಿಲ್ಲದೆ?" ಎಂದರು ಅಳಿಯಂದಿರು.

ಬಗಲ್ಸ್‌ನ ಟ್ರೆವರ್ ಹಾರ್ನ್ ಹಾಡಿದರು, ಊರೂರಲ್ಲಿ ಬೈಸಿಕೊಂಡರು. ಆಮೇಲೆ ಅವರೇ ನಿರ್ಮಾಪಕರಾಗಿ, ಆಂಡರ್ಸನ್ ವಾಪಸಾಗಿ, ಟ್ರೆವರ್ ರೇಬಿನ್ ಎಂಬ ದಕ್ಷಿಣ ಆಫ್ರಿಕಾದ ಗಿಟಾರಿಗ ಸೇರಿ, 1983ರಲ್ಲಿ ಒಂದು ಆಲ್ಬಮ್ ಮಾಡಿದರು. ಅದರ ಒಂದು ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಹಾಡು ಜನಪ್ರಿಯವಾಯಿತು ಎಂಬ ಕಾರಣಕ್ಕೆ ಹಳೆಯ ಅಭಿಮಾನಿಗಳು ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ರಸವತ್ತಾದ ಭಾಗ 1989ರದು. 'ಕ್ಲೋಸ್ ಟು ದಿ ಎಡ್ಜ್' ನುಡಿಸಿದ ಐವರಲ್ಲಿ ನಾಲ್ವರು ಮತ್ತೆ ಒಂದಾದರು. ಐದನೆಯವರಾದ ಸ್ಕ್ವೈರ್ ಮಾತ್ರ ಬೇರೆ ಕಡೆ ಇದ್ದರು, ತಂಡದ ಹೆಸರೂ ಅವರ ಕಡೆಗೇ ಇತ್ತು. ವಕೀಲರು ನಡುವೆ ಬಂದರು. ನಾಲ್ವರೂ ವಿಧಿಯಿಲ್ಲದೆ 'ಆಂಡರ್ಸನ್ ಬ್ರೂಫರ್ಡ್ ವೇಕ್‌ಮನ್ ಹೌ' ಎಂದು ಲೆಕ್ಕಪರಿಶೋಧಕರ ಕಚೇರಿಯ ಫಲಕದಂತಹ ಹೆಸರಿಟ್ಟುಕೊಂಡು ಊರೂರು ತಿರುಗಿದರು. ಎರಡು ವರ್ಷದ ಮೇಲೆ ರಾಜಿಯಾಗಿ ಎರಡೂ ಕಡೆಯವರು ಒಂದೇ ವೇದಿಕೆಗೆ ಬಂದರು: ಇಬ್ಬರು ಗಿಟಾರಿಗರು, ಇಬ್ಬರು ಕೀಬೋರ್ಡಿನವರು, ಇಬ್ಬರು ಡ್ರಮ್ಮಿನವರು, ಒಟ್ಟು ಎಂಟು ಜನ. ವೇದಿಕೆ ದುಂಡಗಿದ್ದು ಸುತ್ತುತ್ತಿತ್ತು. ಯಾರ ಮುಖ ಯಾರಿಗೆ ಕಾಣಬೇಕು ಎಂಬ ತಕರಾರು ಆಗಬಾರದೆಂದೇ ಇದ್ದೀತು ಎಂದು ನನಗೆ ಅನುಮಾನ.

"ಈಗ?" ಎಂದರು ಅಳಿಯಂದಿರು.

ಈಗ ಇರುವುದು ಇಷ್ಟು. 2008ರಲ್ಲಿ ಆಂಡರ್ಸನ್ ಉಸಿರಾಟದ ತೊಂದರೆಯಿಂದ ಮಲಗಿದಾಗ, ಯೆಸ್ ಹಾಡುಗಳನ್ನೇ ನುಡಿಸುತ್ತಿದ್ದ ಕೆನಡಾದ ಅನುಕರಣೆ ತಂಡವೊಂದರ ಗಾಯಕರನ್ನು ಸ್ಕ್ವೈರ್ ಯೂಟ್ಯೂಬಿನಲ್ಲಿ ನೋಡಿ ಕರೆತಂದರು. ಅವರ ನಂತರ, 2012ರಿಂದ ಹಾಡುತ್ತಿರುವವರು ಜಾನ್ ಡೇವಿಸನ್, 1971ರಲ್ಲಿ ಹುಟ್ಟಿದವರು. 2015ರ ಜೂನ್‌ನಲ್ಲಿ ಸ್ಕ್ವೈರ್ ತೀರಿಕೊಂಡರು. ಬಾಸ್ ಗಿಟಾರು ಬಿಲ್ಲಿ ಶೆರ್‌ವುಡ್ ಕೈಗೆ ಬಂತು. 2022ರಲ್ಲಿ ಅಲನ್ ವೈಟ್ ಹೋದರು; ಡ್ರಮ್ಸ್ ಜೇ ಶೆಲೆನ್ ಪಾಲಿಗೆ. ಉಳಿದವರಲ್ಲಿ ಎಲ್ಲರಿಗಿಂತ ಹಳಬರು ಸ್ಟೀವ್ ಹೌ, ಆಗ 77 ವರ್ಷ. ಕೀಬೋರ್ಡಿಗೆ ಬಗಲ್ಸ್ ಕಾಲದ ಜೆಫ್ ಡೌನ್ಸ್.

ಅಳಿಯಂದಿರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಹಾಗಾದ್ರೆ ಶುರು ಮಾಡಿದ ಐವರಲ್ಲಿ ಒಬ್ಬರೂ ಇಲ್ಲ."

ಇಲ್ಲ.

"ಅವರೆಲ್ಲ ಇಲ್ಲದೆ ಇದು ಅದೇ ತಂಡ ಹೇಗಾಗತ್ತೆ ಮಾವ?"

ನಾನು ಕುಂದಾಪುರದ ಕಡೆಯವನು. ಯಕ್ಷಗಾನದ ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಕಾಳಿಂಗ ನಾವಡರು 1990ರಲ್ಲಿ, ಮೂವತ್ತು ದಾಟಿದ ಹೊಸದರಲ್ಲೇ ಅಪಘಾತದಲ್ಲಿ ಹೋದರು. ಆಮೇಲೆ ಬಂದ ಯಾವ ಭಾಗವತರು ಎಷ್ಟೇ ಎತ್ತರದ ಶ್ರುತಿಯಲ್ಲಿ ಹಾಡಲಿ, ನಮ್ಮೂರಲ್ಲಿ ಯಾರಾದರೊಬ್ಬರು "ನಾವಡರ ಪದ್ಯ ಕೇಳಿದ ಕಿವಿ ಮಾರಾಯ್ರೆ ಇದು" ಎಂದು ನಿಟ್ಟುಸಿರು ಬಿಡದೆ ಆಟ ಮುಗಿದದ್ದಿಲ್ಲ. ಹಾಗೆ ನಿಟ್ಟುಸಿರು ಬಿಡುವವರಲ್ಲಿ ಅರ್ಧದಷ್ಟು ಜನ 1990ರ ನಂತರ ಹುಟ್ಟಿದವರು. ಅಷ್ಟಾದರೂ ರಂಗಸ್ಥಳದ ಎದುರಿನ ಮುಂದಿನ ಕುರ್ಚಿ ಬಿಟ್ಟುಕೊಡುವವರಲ್ಲ. ಇದನ್ನು ಅಳಿಯಂದಿರಿಗೆ ಹೇಳಿದೆ. ಅವರು ಮೈಸೂರಿನವರು, ನಕ್ಕು ಸುಮ್ಮನಾದರು.

ನನಗಂತೂ ಈ ಜಗಳದಲ್ಲಿ ಪಕ್ಷವಿಲ್ಲ. ಅದಕ್ಕೆ ಉದಾರತೆ ಕಾರಣವಲ್ಲ. ಎಂಬತ್ತರ ದಶಕದ ಬೆಂಗಳೂರಿನ ಹಾಸ್ಟೆಲಿನಲ್ಲಿ ನನಗೆ ಯೆಸ್ ಸಿಕ್ಕಿದ್ದು ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಗೆಳೆಯನೊಬ್ಬ ಇಳಿಸಿಕೊಟ್ಟ ರೂಪದಲ್ಲಿ. ಚೀಟಿಯ ಮೇಲೆ ಬಾಲ್ ಪೆನ್ನಿನಲ್ಲಿ ತಂಡದ ಹೆಸರು ಮಾತ್ರ. ಯಾರು ಹಾಡಿದ್ದು, ಯಾರು ನುಡಿಸಿದ್ದು, ಎಷ್ಟು ಜನ, ಏನೂ ತಿಳಿಯದು. ಹಾಡುವವರ ಧ್ವನಿ ಅಷ್ಟು ಮೇಲಿನ ಸ್ಥಾಯಿಯಲ್ಲಿದ್ದುದರಿಂದ ಬಹಳ ದಿನ ಅದು ಹೆಂಗಸೆಂದೇ ನಮ್ಮ ಕೋಣೆಯ ಒಮ್ಮತದ ಅಭಿಪ್ರಾಯವಾಗಿತ್ತು. ಸದಸ್ಯರೇ ಇಲ್ಲದ ತಂಡವನ್ನು ಪ್ರೀತಿಸಿದವನಿಗೆ ಸದಸ್ಯರು ಬದಲಾದರೆ ನಷ್ಟವೇನು?

ಸಭಾಂಗಣದ ಹೊರಗಿನ ಸಾಲು ನೋಡಿ ಅಳಿಯಂದಿರು ಇದು ಪಿಂಚಣಿಯ ಸಾಲೇ ಎಂದು ಕೇಳಲಿಲ್ಲ, ಆದರೆ ಮುಖದಲ್ಲಿ ಬರೆದಿತ್ತು. ವೇದಿಕೆಯ ಮೇಲೆ ಮೂಲ ಸದಸ್ಯರು ಒಬ್ಬರೂ ಇಲ್ಲದಿದ್ದರೇನು, ಪ್ರೇಕ್ಷಕರೆಲ್ಲ ಮೂಲ ಸದಸ್ಯರೇ. ನಮ್ಮ ಮುಂದೆ ಬಿಳಿ ಗಡ್ಡದವರೊಬ್ಬರು, ಬೋಳುತಲೆಯವರೊಬ್ಬರು. ಗಡ್ಡದವರದು ಆಂಡರ್ಸನ್ ಪಕ್ಷ: ಆ ಕಂಠವಿಲ್ಲದ ಮೇಲೆ ಉಳಿದದ್ದೆಲ್ಲ ಅನುಕರಣೆ. ಬೋಳುತಲೆಯವರದು ಹೌ ಪಕ್ಷ: ಆ ಗಿಟಾರು ಇರುವವರೆಗೂ ಯೆಸ್ ಇದೆ.

ಬೋಳುತಲೆಯವರು ಒಳ್ಳೆಯ ಪಟ್ಟು ಹಾಕಿದರು. 'ಕ್ಲೋಸ್ ಟು ದಿ ಎಡ್ಜ್' ಹಾಡನ್ನು ಸ್ಟುಡಿಯೋದಲ್ಲಿ ಒಂದೇ ಉಸಿರಿಗೆ ಯಾರೂ ನುಡಿಸಿರಲಿಲ್ಲ. ತುಂಡು ತುಂಡಾಗಿ ನುಡಿಸಿ, ಟೇಪು ಕತ್ತರಿಸಿ ಅಂಟಿಸಿದ್ದು. ಪೂರ್ತಿ ಹಾಡನ್ನು ವೇದಿಕೆಯಲ್ಲಿ ನುಡಿಸಲು ತಂಡದವರೇ ಆಮೇಲೆ ಕುಳಿತು ಕಲಿಯಬೇಕಾಯಿತು. ಆ ವೇಳೆಗೆ ಡ್ರಮ್ಮಿನವರೂ ಬದಲಾಗಿದ್ದರು. ಅಂದಮೇಲೆ ನೀವು ಹೇಳುವ ಮೂಲ ತಂಡ ಆ ವರ್ಷ ಯಾವ ವೇದಿಕೆಯಲ್ಲಿ ಆ ಹಾಡು ನುಡಿಸಿತು, ತೋರಿಸಿ. ಅವರೇ ತಮ್ಮ ಮೊದಲ ಅನುಕರಣೆ ತಂಡ!

ಗಡ್ಡದವರು ಒಂದು ಕ್ಷಣ ತಡೆದರು. "ಅನುಕರಣೆ ಮಾಡುವಾಗಲೂ ಆಂಡರ್ಸನ್ ಇದ್ದರಲ್ಲ!" ಎಂದರು.

ಅವರ ಬತ್ತಳಿಕೆಯಲ್ಲಿ ಇನ್ನೂ ಒಂದಿತ್ತು. ಎಂಬತ್ತರ ಹೊಸ್ತಿಲಲ್ಲಿದ್ದ ಆಂಡರ್ಸನ್ 2023ರಿಂದ 'ಬ್ಯಾಂಡ್ ಗೀಕ್ಸ್' ಎಂಬ ಅಮೆರಿಕದ ತಂಡ ಕಟ್ಟಿಕೊಂಡು ಇದೇ ಹಾಡುಗಳನ್ನು ಹಾಡುತ್ತ ತಿರುಗುತ್ತಿದ್ದಾರೆ. ಹಳೆಯ ಹಾಡುಗಳನ್ನು ಚಾಚೂ ತಪ್ಪದೆ ನುಡಿಸಿ ಯೂಟ್ಯೂಬಿಗೆ ಹಾಕುತ್ತಿದ್ದವರು ಆ ತಂಡದವರು. ಅಂದರೆ, ಹೆಸರು ಇದ್ದವರು ಯೂಟ್ಯೂಬಿನಲ್ಲಿ ಗಾಯಕನನ್ನು ಹುಡುಕಿಕೊಂಡರು; ಗಾಯಕರು ಯೂಟ್ಯೂಬಿನಲ್ಲಿ ತಂಡವನ್ನು ಹುಡುಕಿಕೊಂಡರು. ವಕೀಲರನ್ನು ಬಿಟ್ಟು ಯೂಟ್ಯೂಬಿಗೇ ಮೊದಲು ಹೋಗಿದ್ದರೆ ಎಷ್ಟು ಖರ್ಚು ಉಳಿಯುತ್ತಿತ್ತೋ.

ಅಷ್ಟರಲ್ಲಿ ಬೋಳುತಲೆಯವರ ಕಣ್ಣು ನನ್ನ ಮೇಲೆ ಬಿತ್ತು. "ನೀವು ಭಾರತದವರಲ್ಲವೇ? ಶಾಸ್ತ್ರಗಳ ಬಗ್ಗೆ ಸ್ವಲ್ಪ ಹೇಳಿ."

ಇದಕ್ಕೊಂದು ಹಿನ್ನೆಲೆಯಿದೆ. 1973ರ ಮಾರ್ಚಿನಲ್ಲಿ ಬ್ರೂಫರ್ಡ್ ಮದುವೆಗೆ ಹೋದ ಆಂಡರ್ಸನ್ನರಿಗೆ ಕಿಂಗ್ ಕ್ರಿಮ್ಸನ್ ತಂಡದ ಜೇಮೀ ಮ್ಯೂರ್, ಪರಮಹಂಸ ಯೋಗಾನಂದರ 'ಯೋಗಿಯ ಆತ್ಮಕಥೆ'ಯ ಬಗ್ಗೆ ಹೇಳಿದರು. ಅದರ 83ನೇ ಪುಟದಲ್ಲಿ ಒಂದು ಅಡಿಟಿಪ್ಪಣಿ: ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ಶಾಸ್ತ್ರಗಳು ನಾಲ್ಕು ಬಗೆ. ಆಂಡರ್ಸನ್, ಹೌ ಇಬ್ಬರೂ ಹೋಟೆಲ್ ಕೋಣೆಗಳಲ್ಲಿ ಮೇಣದಬತ್ತಿ ಹಚ್ಚಿ ಕುಳಿತು, ಆ ಅಡಿಟಿಪ್ಪಣಿಯಿಂದ ನಾಲ್ಕು ಹಾಡು ಎಬ್ಬಿಸಿದರು. ಎಲ್‌ಪಿ ತಟ್ಟೆಯ ಒಂದೊಂದು ಬದಿಗೆ ಒಂದೊಂದು ಹಾಡು, ಒಟ್ಟು ಸುಮಾರು 80 ನಿಮಿಷ. ಅದೇ 'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್'. ಹಳ್ಳಿಯ ವಾತಾವರಣ ಬೇಕೆಂದವರನ್ನು ಸಮಾಧಾನಪಡಿಸಲು ಲಂಡನ್ನಿನ ಸ್ಟುಡಿಯೋದೊಳಗೇ ಹುಲ್ಲಿನ ಹೊರೆ ಒಟ್ಟಿ, ಬೇಲಿ ನೆಟ್ಟು, ಕತ್ತರಿಸಿ ಮಾಡಿದ ಹಸುವಿನ ಆಕಾರವೊಂದನ್ನೂ ನಿಲ್ಲಿಸಿದ್ದರು. ನಮ್ಮಲ್ಲಿ ಅಡಿಟಿಪ್ಪಣಿ ಓದುವವರೇ ಕಡಿಮೆ. ಓದಿ ಎಂಬತ್ತು ನಿಮಿಷ ಹಾಡಿದವರಂತೂ ಯಾವ ವಿಶ್ವವಿದ್ಯಾಲಯದಲ್ಲೂ ಇರಲಾರರು.

ಆಲ್ಬಮ್ ಬರುವ ಮೊದಲೇ ಇಡೀ ಎಂಬತ್ತು ನಿಮಿಷವನ್ನೂ ಇಂಗ್ಲೆಂಡಿನ ವೇದಿಕೆಗಳಲ್ಲಿ ನುಡಿಸಿದರು. ವೇಕ್‌ಮನ್ನರಿಗೆ ಇದು ರುಚಿಸಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಕಛೇರಿಯ ನಡುವೆಯೇ, ಮುಗಿದ ಮೇಲೆ ಊಟಕ್ಕೇನು ಎಂದು ಅವರ ಸಹಾಯಕ ಕೇಳಿದನಂತೆ. ಇವರು ಚಿಕನ್ ವಿಂಡಾಲೂ, ಪಲಾವ್, ಹಪ್ಪಳ, ಬೆಂಡೆಕಾಯಿ ಪಲ್ಯ ಎಂದೆಲ್ಲ ಪಟ್ಟಿ ಕೊಟ್ಟರು. ಆ ಪುಣ್ಯಾತ್ಮ ತಪ್ಪಾಗಿ ತಿಳಿದು ಅರ್ಧ ಗಂಟೆಯಲ್ಲಿ ತಂದೇಬಿಟ್ಟ. ವೇಕ್‌ಮನ್ ಕೀಬೋರ್ಡುಗಳ ಮೇಲೆ ಪೊಟ್ಟಣ ಹರಡಿ ಊಟ ಮಾಡಿದರು. ಆಂಡರ್ಸನ್ ಬಂದು ಒಂದು ಹಪ್ಪಳ ಎತ್ತಿಕೊಂಡು ಹೋದರು. ಒಂದೇ ಕಛೇರಿಯಲ್ಲಿ ಶಾಸ್ತ್ರವೂ ನಮ್ಮದು, ಊಟವೂ ನಮ್ಮದು. 1974ರಲ್ಲಿ ವೇಕ್‌ಮನ್ ತಂಡ ಬಿಟ್ಟದ್ದಕ್ಕೆ ಭಾರತ ಎರಡು ಕಡೆಯಿಂದ ಹೊಣೆ ಹೊರಬೇಕೇನೋ.

ಶ್ರುತಿ, ಸ್ಮೃತಿ ಎಂದರೇನೆಂದು ತಿಳಿದಷ್ಟು ಹೇಳಿದೆ. ಬೋಳುತಲೆಯವರು ಭಕ್ತಿಯಿಂದ ತಲೆಯಾಡಿಸಿದರು. ಗಡ್ಡದವರು ಮಾತ್ರ "ಪುರಾಣ ಮೂರನೆಯ ಬದಿ, ಅದು ಸ್ವಲ್ಪ ಜಾಳು" ಎಂದರು.

ಒಳಗೆ ಮೊದಲ ಹಾಡೇ 'ಡ್ರಾಮಾ' ಆಲ್ಬಮ್ಮಿನದು. ಆಂಡರ್ಸನ್ನೂ ಇಲ್ಲದ, ವೇಕ್‌ಮನ್ನೂ ಇಲ್ಲದ ಆಲ್ಬಮ್. ಆದರೆ ಅದನ್ನು ಅಂದು ನುಡಿಸಿದ ಇಬ್ಬರು ಇಂದಿನ ವೇದಿಕೆಯಲ್ಲೂ ಇದ್ದರು. ಗಡ್ಡದವರು ಕೈಕಟ್ಟಿ ಕುಳಿತರು. ಮಧ್ಯಂತರದ ಮೇಲೆ, 2023ರ ಹೊಸ ಆಲ್ಬಮ್ಮಿನ ಹಾಡು ಶುರುವಾದಾಗ ಸಾಲು ಸಾಲಾಗಿ ಜನ ಎದ್ದು ಶೌಚಾಲಯದ ಕಡೆ ನಡೆದರು. ಹೊಸ ಹಾಡಿನ ಈ ಉಪಯೋಗವನ್ನು ತಂಡದವರು ಬಲ್ಲರು ಎಂದು ಕಾಣುತ್ತದೆ. ಯಾರ ಮುಖದಲ್ಲೂ ಬೇಸರವಿರಲಿಲ್ಲ. ಪಾಪ, ಆ ಹಾಡು ಚೆನ್ನಾಗಿತ್ತು.

ಆಮೇಲೆ ಬಂತು 'ಟೇಲ್ಸ್'. ಎಂಬತ್ತು ನಿಮಿಷವನ್ನು ಸುಮಾರು ಇಪ್ಪತ್ತಕ್ಕೆ ಇಳಿಸಿ, ನಾಲ್ಕೂ ಬದಿಯ ತಿರುಳನ್ನು ಹೆಣೆದಿದ್ದರು. ಇದು ಅತಿ ಉದ್ದ, ಇದರಲ್ಲಿ ನೀರು ಬೆರೆಸಿದೆ ಎಂದು ಐವತ್ತು ವರ್ಷ ಬೈದವರೆಲ್ಲ ಈಗ ತಮ್ಮ ನೆಚ್ಚಿನ ಹನ್ನೆರಡನೇ ನಿಮಿಷ ಮಾಯವಾಗಿದ್ದಕ್ಕೆ ನೊಂದುಕೊಂಡರು. ಬೋಳುತಲೆಯವರೂ ಈ ಒಂದು ವಿಷಯದಲ್ಲಿ ಪಕ್ಷಾಂತರ ಮಾಡಿದರು. "ಕತ್ತರಿಸುವುದಿದ್ದರೆ ಮೂರನೇ ಬದಿಯನ್ನೇ ಕತ್ತರಿಸಬಹುದಿತ್ತಲ್ಲ" ಎಂದು ಗಡ್ಡದವರಿಗೆ ಹೇಳಿದರು. ಇಬ್ಬರೂ ಆ ಸಂಜೆ ಒಪ್ಪಿದ್ದು ಅದೊಂದಕ್ಕೇ.

ಹೌ ಅವರ ಬೆರಳು ಅಲ್ಲಲ್ಲಿ ನಿಧಾನವಾಗಿತ್ತು, ತಾಳವೂ ಹಿಂದೆ ಕೇಳಿದ್ದಕ್ಕಿಂತ ಒಂದಿಷ್ಟು ಹಿಂದಿತ್ತು. ಡೇವಿಸನ್ ಧ್ವನಿ ಆಂಡರ್ಸನ್ನರದಕ್ಕಿಂತ ತೆಳು, ಆದರೆ ಮೇಲಿನ ಸ್ವರಕ್ಕೆ ಹೆದರದೆ ಹೋಗುತ್ತದೆ. ಕೊನೆಯಲ್ಲಿ 'ರೌಂಡಬೌಟ್' ಶುರುವಾದಾಗ ಇಡೀ ಸಭೆ ಮೊಣಕಾಲು ಹಿಡಿದುಕೊಂಡೇ ಎದ್ದು ನಿಂತಿತು. ಗಡ್ಡದವರು ಎಲ್ಲರಿಗಿಂತ ಮೊದಲು ಎದ್ದದ್ದನ್ನು ನಾನು ನೋಡಿದೆ. ಅವರೂ ನಾನು ನೋಡಿದ್ದನ್ನು ನೋಡಿ, "ಬೆನ್ನು ನೋವು" ಎಂದರು.

ವಾಪಸು ರೈಲಿನಲ್ಲಿ ಅಳಿಯಂದಿರು ಬಹಳ ಹೊತ್ತು ಮಾತಾಡಲಿಲ್ಲ. ಫೋನಿಗೆ ಕಿವಿ ಕೊಟ್ಟು ಏನನ್ನೋ ಕೇಳುತ್ತಿದ್ದರು. ಮನೆಯ ನಿಲ್ದಾಣ ಬರುವ ಹೊತ್ತಿಗೆ ಇಯರ್‌ಫೋನ್ ತೆಗೆದು, "ಇಲ್ಲ ಮಾವ, ಆಂಡರ್ಸನ್ ಇಲ್ಲದ್ದು ಸರಿಯಿಲ್ಲ" ಎಂದರು. ಕೆಲವೇ ಗಂಟೆ ಹಿಂದೆ ಆಂಡರ್ಸನ್ ಹೆಸರು ಕೇಳಿರದಿದ್ದವರು! ನನಗೆ ಎಲ್ಲಿತ್ತೋ ಸಿಟ್ಟು ಬಂತು. ಪಕ್ಷವಿಲ್ಲದವನು ನಾನು, ನಿಲ್ದಾಣದಿಂದ ಮನೆಯವರೆಗೂ ಹೌ ಅವರ ಪರವಾಗಿ ವಾದಿಸಿದೆ. 1980ರ ಆಲ್ಬಮ್ಮಿನಲ್ಲಿ ಆಂಡರ್ಸನ್ ಇರಲಿಲ್ಲ, ಅದು ಯೆಸ್ ಅಲ್ಲವೇ? ಹಾಗಾದರೆ 1983ರದ್ದರಲ್ಲಿ ಹೌ ಇರಲಿಲ್ಲ, ಅದು? ಎಂದು ಅವರು. ಎಲ್ಲವನ್ನೂ ಬರುವಾಗ ನಾನೇ ಹೇಳಿಕೊಟ್ಟದ್ದು.

ಬಾಗಿಲು ತೆರೆದ ಮಗಳು "ಹೇಗಿತ್ತು?" ಎಂದಳು.

"ನೀನು ಒಳಗೆ ಹೋಗಿ ಅನ್ನ ಬಿಸಿಗಿಡು" ಎಂದರು ಅಳಿಯಂದಿರು, ಶೂ ಕೂಡ ಬಿಚ್ಚದೆ. "ಮಾವ, ಬ್ರೂಫರ್ಡ್ ವಿಷಯಕ್ಕೆ ಬನ್ನಿ."