ಚೆಕ್ಕುಬಂದಿಯಿಲ್ಲದ ಸ್ವತ್ತು

ಬೆಂಗಳೂರಿನಲ್ಲಿ ಖಾಲಿ ಜಾಗ ಕಂಡಲ್ಲೆಲ್ಲ ಕಾಂಪೌಂಡಿನ ಮೇಲೆ ಕೆಂಪು ಬಣ್ಣದಲ್ಲಿ ‘ಈ ಸ್ವತ್ತು ಮಾರಾಟಕ್ಕಿಲ್ಲ’ ಎಂದು ಬರೆದಿರುತ್ತದೆ. ಕೆಳಗೊಂದು ಫೋನ್ ನಂಬರ್. ಮಾರುವುದಿಲ್ಲ ಎಂದ ಮೇಲೆ ನಂಬರ್ ಯಾಕೆ ಎಂದು ಹೊರಗಿನವರು ಕೇಳಬಹುದು. ಇಲ್ಲಿಯವರು ಕೇಳುವುದಿಲ್ಲ, ಫೋನ್ ಮಾಡುತ್ತಾರೆ. ಇಂಟರ್‌ನೆಟ್ಟಿಗೆ ಈ ನಾಜೂಕು ಇನ್ನೂ ಬಂದಿಲ್ಲ. ಅಲ್ಲಿ ಖಾಲಿ ಬಿದ್ದ ಡೊಮೈನಿಗೆ ಹೋದರೆ ‘ಈ ಹೆಸರು ಮಾರಾಟಕ್ಕಿದೆ’ ಎಂದು ಕಡ್ಡಿ ಮುರಿದ ಹಾಗೆ ಬರೆದಿರುತ್ತದೆ. ನಾನೂ ಅಂಥದ್ದೊಂದು ಬೋರ್ಡು ನೆಟ್ಟಿದ್ದೇನೆ.

ಕೊಂಡದ್ದು ಅಕ್ಷಯ ತದಿಗೆಯ ದಿನ. ಅವತ್ತು ಕೊಂಡದ್ದು ಅಕ್ಷಯವಾಗುತ್ತದೆ ಎಂಬ ನಂಬಿಕೆ ನಮ್ಮ ಮನೆಯಲ್ಲಿದೆ. ಆದರೆ ಚಿನ್ನದಂಗಡಿಯಲ್ಲಿ ಗ್ರಾಮಿನ ರೇಟು ಓದಿದ ಮೇಲೆ ಆ ನಂಬಿಕೆಯನ್ನು ಬೇರೆ ಕಡೆ ತಿರುಗಿಸುವುದು ಗೃಹಸ್ಥನ ಕರ್ತವ್ಯ. ಸಾವಿರ ರೂಪಾಯಿ ಆಸುಪಾಸಿಗೆ, ಪ್ರಪಂಚದಲ್ಲಿ ಎರಡನೆಯದು ಇಲ್ಲದ ವಸ್ತು ತಂದಿದ್ದೇನೆ ಎಂದೆ. ಹೆಂಡತಿ ನನ್ನ ಕೈ ನೋಡಿದಳು, ಜೇಬು ನೋಡಿದಳು.

‘ಅದೊಂದು ಹೆಸರು’ ಎಂದೆ.

‘ಯಾರದು?’

‘ಯಾರದೂ ಅಲ್ಲ. ಅದಕ್ಕೇ ಈಗ ನಮ್ಮದು.’

ಹೆಸರು ಯಾವುದೆಂದು ಇಲ್ಲಿ ಹೇಳುವಂತಿಲ್ಲ. ಹೇಳಿದರೆ ಅದು ಜಾಹೀರಾತಾಗುತ್ತದೆ, ಸಂಪಾದಕರು ಸಂಭಾವನೆ ಕಳಿಸುವ ಬದಲು ಬಿಲ್ಲು ಕಳಿಸುತ್ತಾರೆ. ದಾವಣಗೆರೆ ಕಡೆಯ ಒಂದು ತಿಂಡಿ, ಅದರ ಬಾಲಕ್ಕೆ ಇನ್ನೊಂದು ಪುಟ್ಟ ಪದ, ಕೊನೆಗೆ ಡಾಟ್ ಕಾಮ್ ಎಂದಷ್ಟು ತಿಳಿದರೆ ಸಾಕು. ಈ ದಂಧೆಯವರಲ್ಲಿ ರೇಡಿಯೋ ಪರೀಕ್ಷೆ ಎಂಬುದೊಂದಿದೆ. ಹೆಸರನ್ನು ಕಿವಿಯಲ್ಲಿ ಕೇಳಿದವನು ತಪ್ಪಿಲ್ಲದೆ ಟೈಪ್ ಮಾಡಬೇಕು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಈ ಪರೀಕ್ಷೆ ಪಾಸು ಮಾಡಿದವರು ಕಡಿಮೆ. ಒಂದು ‘ಡಿ’ಯೋ ಎರಡೋ, ‘ಯು’ವೋ ‘ಓಓ’ವೋ ಎಂದು ಮನೆಯ ನಾಲ್ವರೂ ನಾಲ್ಕು ಥರ ಬರೆದರು. ನಾಲ್ಕನ್ನೂ ಕೊಂಡುಬಿಡಿ ಎಂಬುದು ಪರಿಣತರ ಸಲಹೆ. ಆ ಪರಿಣತರು ಹೆಸರು ಮಾರುವವರು.

ಈ ಚಟ ಅಂಟುವುದೇ ಕಥೆಗಳಿಂದ. ಮೊಟ್ಟಮೊದಲ ಡಾಟ್ ಕಾಮ್ ಹೆಸರು, ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿಯದು, ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಅಲ್ಲಿಂದ 1995ರವರೆಗೆ ಹೆಸರುಗಳು ಪುಕ್ಕಟೆ, ಅರ್ಜಿ ಹಾಕಿದವರಿಗೆ ಕೊಡುತ್ತಿದ್ದರು. ಆಮೇಲೆ ವರ್ಷಕ್ಕೆ ಐವತ್ತು ಡಾಲರ್ ಇಟ್ಟರು. ಬಿಸಿನೆಸ್ ಡಾಟ್ ಕಾಮ್ ಎಂಬುದನ್ನು ಒಬ್ಬಾತ ಒಂದೂವರೆ ಲಕ್ಷ ಡಾಲರಿಗೆ ಕೊಂಡಾಗ ನಕ್ಕವರೆಲ್ಲ, 1999ರಲ್ಲಿ ಅದು 75 ಲಕ್ಷ ಡಾಲರಿಗೆ ಹೋದಾಗ ಬಾಯಿ ಮುಚ್ಚಿಕೊಂಡರು. 2019ರಲ್ಲಿ ವಾಯ್ಸ್ ಡಾಟ್ ಕಾಮ್ ಮೂರು ಕೋಟಿ ಡಾಲರಿಗೆ ಮಾರಾಟವಾಯಿತು. ಇಷ್ಟು ಓದಿಯೂ ರಾತ್ರಿ ನಿದ್ದೆ ಬರುವವನು ಸಂತ.

ಕೊಂಡ ಮರುದಿನ ಊರಿಂದ ಮಾವ ಬಂದರು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ಅಳಿಯ ಏನೋ ಸ್ವತ್ತು ನೋಂದಣಿ ಮಾಡಿಸಿದ್ದಾನೆ ಎಂದು ಮಗಳು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಖುಷಿಯಿಂದಲೇ ಬಂದಿದ್ದರು.

‘ಚೆಕ್ಕುಬಂದಿ ಹೇಳಿ’ ಎಂದರು ಕಾಫಿ ಲೋಟ ಇಳಿಸುವ ಮೊದಲೇ.

‘ಇಲ್ಲ ಮಾವ.’

‘ಪೂರ್ವಕ್ಕೆ ಏನೂ ಇಲ್ಲವೇ?’

‘ಯಾವ ದಿಕ್ಕಿಗೂ ಏನೂ ಇಲ್ಲ.’

‘ಅಂದ್ರೆ ಒತ್ತುವರಿ ಭಯ ಇಲ್ಲ’ ಎಂದು ಸಮಾಧಾನಪಟ್ಟುಕೊಂಡರು. ಕ್ರಯಪತ್ರ ಕೇಳಿದರು, ಇಮೇಲ್ ರಸೀದಿ ತೋರಿಸಿದೆ. ಶಾಶ್ವತವೇ ಎಂದರು. ವರ್ಷ ವರ್ಷ ದುಡ್ಡು ಕಟ್ಟಬೇಕು, ಕಟ್ಟದಿದ್ದರೆ ಸ್ವಲ್ಪ ಕಾಲಾವಕಾಶ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಕೊನೆಗೆ 5 ದಿನ ಯಾರ ಕೈಗೂ ಸಿಗದ ಸ್ಥಿತಿ, ಆಮೇಲೆ ಸಿಕ್ಕಿದವರಿಗೆ ಸೀರುಂಡೆ ಎಂದೆ. ‘ಗೇಣಿ’ ಎಂದರು ಮಾವ, ಇನ್ನೇನೂ ಕೇಳದೆ. ಇಂಟರ್‌ನೆಟ್ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಎಂಬ ಸಂಸ್ಥೆ 1998ರಿಂದ ನೂರಾರು ಪುಟಗಳಲ್ಲಿ ವಿವರಿಸುತ್ತಿರುವುದನ್ನು ಎರಡಕ್ಷರದಲ್ಲಿ ಮುಗಿಸಿದರು. ಆದರೆ ಋಣಭಾರ ಪತ್ರವಿಲ್ಲದೆ ಮುಂದೆ ಹೋಗಲು ಒಪ್ಪಲಿಲ್ಲ. ಈ ಹೆಸರು ಹಿಂದೆ ಯಾರದಾದರೂ ಕೈಯಲ್ಲಿ ಇತ್ತೋ, ಇದ್ದು ಏನು ಮಾಡಿತ್ತೋ ಎಂದು ನೋಡಲು ವೇಬ್ಯಾಕ್ ಮಷೀನ್ ಎಂಬುದಿದೆ. ಹಳೆಯ ವೆಬ್ ಪುಟಗಳ ನಕಲು ಇಟ್ಟಿರುತ್ತದೆ. ಹೊಸದೆಂದು ಕೊಂಡ ಹೆಸರು ಪೂರ್ವಜನ್ಮದಲ್ಲಿ ಜೂಜಿನ ಅಡ್ಡೆಯಾಗಿದ್ದರೆ ಗೂಗಲ್ ಅದನ್ನು ನೆನಪಿಟ್ಟುಕೊಂಡಿರಬಹುದು. ನಮ್ಮ ಹೆಸರಿಗೆ ಪೂರ್ವಜನ್ಮ ಇರಲಿಲ್ಲ. ಮಾವನಿಗೆ ಸಂತೋಷ, ನನಗೆ ಸಣ್ಣ ಅನುಮಾನ: ಇಷ್ಟು ವರ್ಷ ಯಾರಿಗೂ ಬೇಡವಾದದ್ದು ಇನ್ನು ಯಾರಿಗೆ ಬೇಕು?

ಬೇಕಾದವರು ಅವತ್ತೇ ಫೋನ್ ಮಾಡತೊಡಗಿದರು. ಕೊಳ್ಳುವವರಲ್ಲ, ಕಟ್ಟುವವರು. ‘ಸರ್, ಹೊಸ ಡೊಮೈನ್ ತಗೊಂಡಿದೀರಿ, ವೆಬ್‌ಸೈಟ್ ಮಾಡಿಕೊಡ್ತೀವಿ’ ಎಂದು ಒಬ್ಬ. ‘ಲೋಗೋ ಬೇಕಾ’ ಎಂದು ಇನ್ನೊಬ್ಬ. ಒಬ್ಬಾಕೆ ಹಿಂದಿಯಲ್ಲಿ ನನ್ನ ತಿಂಡಿಯ ಹೆಸರನ್ನು ಮೂರು ಬಗೆಯಲ್ಲಿ ಉಚ್ಚರಿಸಿ, ಅದು ಕಾಸ್ಮೆಟಿಕ್ ಕಂಪನಿಯೇ ಎಂದು ಕೇಳಿದಳು. ಮಾಲೀಕನ ವಿವರ ಮುಚ್ಚುವ ಸೌಲಭ್ಯವನ್ನು ಚಾಲೂ ಮಾಡಿದರೆ ಈ ಕಾಟ ತಪ್ಪುತ್ತದೆ. ಆದರೆ ಮಾರುವವನು ಬುರ್ಖಾ ಹಾಕಿಕೊಂಡರೆ ಗಿರಾಕಿ ಹುಡುಕುವುದು ಹೇಗೆ? ‘ನಂಬರ್ ಇರಲಿ ಬಿಡಿ. ಹತ್ತು ಫೋನಲ್ಲಿ ಒಂದು ನಿಜದ್ದಿರುತ್ತೆ’ ಎಂದು ಮಾವ ಕರೆಗಳನ್ನು ತಾವೇ ತೆಗೆಯತೊಡಗಿದರು. ಮಾತು ಮುಗಿಯುವ ಹೊತ್ತಿಗೆ ಆ ಕಡೆಯವನ ಊರು, ಸಂಬಳ, ಮದುವೆಯ ವಿಚಾರ ಎಲ್ಲ ಇವರಿಗೆ ಗೊತ್ತಾಗಿರುತ್ತಿತ್ತು. ಎರಡನೆಯ ಸಲ ಯಾರೂ ಮಾಡಲಿಲ್ಲ.

ಇನ್ನು ಸಿಂಗಾರ. ಖಾಲಿ ಹೆಸರನ್ನು ಹಾಗೇ ಬಿಟ್ಟರೆ ಹುಡುಕಿಕೊಂಡು ಬಂದವನಿಗೆ ‘ಈ ಪುಟ ಸಿಗಲಿಲ್ಲ’ ಎಂದು ಬರುತ್ತದೆ, ಅವನು ಹೋಗಿಬಿಡುತ್ತಾನೆ. ಅದಕ್ಕೆ ನೇಮ್ ಸರ್ವರ್ ಬದಲಿಸಿ ಹೆಸರನ್ನು ಮಾರಾಟದ ಪೇಟೆಯೊಂದರ ಕಡೆಗೆ ತಿರುಗಿಸಬೇಕು. ತಿರುಗಿಸಿದ್ದು ಲೋಕಕ್ಕೆಲ್ಲ ತಿಳಿಯಲು ಎರಡು ದಿನ ಹಿಡಿಯಬಹುದು. ಡಾಟ್ ಕಾಮ್ ಯಂತ್ರಗಳು ಆ ಎರಡು ದಿನವನ್ನು 1,72,800 ಸೆಕೆಂಡ್ ಎಂದು ಬರೆದುಕೊಂಡಿರುತ್ತವೆ. ಸರ್ಕಾರಿ ಕಚೇರಿಗೂ ಇಷ್ಟು ನಿಖರವಾಗಿ ತಡಮಾಡಲು ಬರುವುದಿಲ್ಲ. ನನ್ನ ಫೋನಿನಲ್ಲಿ ಪುಟ ಕಾಣುತ್ತಿತ್ತು, ಹೆಂಡತಿಯ ಫೋನಿನಲ್ಲಿ ಇಲ್ಲ. ಅಡುಗೆಮನೆಯಲ್ಲಿ ಇನ್ನೂ ಹುಟ್ಟದ ಸ್ವತ್ತಿಗೆ ಹಾಲ್‌ನಲ್ಲಿ ಬೋರ್ಡು ಹಾಕಿಯಾಗಿತ್ತು.

ಪೇಟೆಯವರು ಸುಮ್ಮನೆ ನಂಬುವುದಿಲ್ಲ. ಹೆಸರು ನಿನ್ನದೇ ಆದರೆ ಈ ಸಾಲನ್ನು ಅದರ ಟೆಕ್ಸ್ಟ್ ರೆಕಾರ್ಡಿನಲ್ಲಿ ಅಂಟಿಸು ಎಂದು ಒಂದು ಉದ್ದನೆಯ ಅಕ್ಷರಮಾಲೆ ಕೊಟ್ಟರು. ಅದರಲ್ಲಿ ಎಲ್ ಯಾವುದು, ಒಂದು ಯಾವುದು, ಸೊನ್ನೆ ಯಾವುದು, ಓ ಯಾವುದು ಎಂದು ಬ್ರಹ್ಮನಿಗೂ ತಿಳಿಯದು. ಅಂಟಿಸಿದೆ. ‘ಮಾಲೀಕತ್ವ ಸಾಬೀತಾಗಿಲ್ಲ’ ಎಂದಿತು. ನಕಲು ಮಾಡುವಾಗ ತುದಿಯಲ್ಲೊಂದು ಖಾಲಿ ಜಾಗ ಸೇರಿಕೊಂಡು ಬಂದಿದೆ ಎಂದು ಪತ್ತೆ ಹಚ್ಚಿದವಳು ಹೈಸ್ಕೂಲಿನ ಮಗಳು. ‘ಒಂದು ಬಿಂದುವಿನಿಂದ ಇಡೀ ಕ್ರಯಪತ್ರ ವಜಾ ಆಗಿದ್ದು ನಾನೇ ನೋಡಿದೀನಿ’ ಎಂದು ಮಾವ ತಲೆಯಾಡಿಸಿದರು. ಅವರಿಗೆ ಈಗ ಇಂಟರ್‌ನೆಟ್ಟಿನ ಮೇಲೆ ಗೌರವ ಬರತೊಡಗಿತ್ತು.

ಆ ಗೌರವ ಪರಾಕಾಷ್ಠೆ ಮುಟ್ಟಿದ್ದು ಎಸ್‌ಪಿಎಫ್ ದಾಖಲೆಯ ವೇಳೆ. ಬಳಕೆಯಲ್ಲಿಲ್ಲದ ಹೆಸರನ್ನು ವಂಚಕರು ತಮ್ಮ ಇಮೇಲಿಗೆ ವಿಳಾಸವಾಗಿ ಹಾಕಿಕೊಳ್ಳುವುದುಂಟು. ಹಾಗಾಗಿ ಒಂದು ಸಾಲು ಬರೆದಿಡುತ್ತಾರೆ. ಅದರ ಕೊನೆಯಲ್ಲಿ ‘ಮೈನಸ್ ಆಲ್’. ಈ ವಿಳಾಸದಿಂದ ಯಾರೂ ಪತ್ರ ಬರೆಯುವುದಿಲ್ಲ, ಬರೆದಂತೆ ಕಂಡರೆ ಅದು ನಮ್ಮದಲ್ಲ ಎಂದು ಇದರ ಅರ್ಥ. ಇಲ್ಲದ ಮನೆಯ ಇಲ್ಲದ ಜನ ಬರೆಯದ ಕಾಗದಕ್ಕೆ ಜವಾಬ್ದಾರರಲ್ಲ ಎಂಬ ಮುಚ್ಚಳಿಕೆ! ‘ಎಂಥಾ ಡ್ರಾಫ್ಟಿಂಗು’ ಎಂದು ಮಾವ ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಕನ್ನಡದಲ್ಲೇ ಹೆಸರು ಇಡಬಾರದಿತ್ತೇ ಎಂದೂ ಕೇಳಿದರು. ಇಡಬಹುದು. ಡಾಟ್ ಇನ್ ಇರುವ ಹಾಗೆ ಕನ್ನಡ ಲಿಪಿಯ ಡಾಟ್ ಭಾರತ ಕೂಡ ಇದೆ. ಒಂದೇ ತೊಡಕು, ಯಂತ್ರದ ಕಡತದಲ್ಲಿ ನಮ್ಮ ‘ಭಾರತ’ ಎಕ್ಸ್‌ಎನ್, ಎರಡು ಅಡ್ಡಗೆರೆ, 2ಎಸ್‌ಸಿಆರ್‌ಜೆ9ಸಿ ಎಂದು ದಾಖಲಾಗಿರುತ್ತದೆ. ತೋರಿಸಿದಾಗ ಮಾವನ ಮುಖ ಅರಳಿತು. ‘ಸರ್ವೆ ನಂಬರ್!’

ಬೆಲೆಯ ಪ್ರಶ್ನೆ ಬಂದಾಗ ಮನೆ ಎರಡಾಯಿತು. ಪುಟದಲ್ಲಿ ಎರಡು ಬಟನ್ ಇಡಬಹುದು: ಇಷ್ಟು ಕೊಟ್ಟು ಕೊಂಡುಕೊ ಎಂಬುದೊಂದು, ನೀನೇ ಒಂದು ಬೆಲೆ ಹೇಳು ಎಂಬುದಿನ್ನೊಂದು. ಬೆಲೆ ಹಾಕಿದರೆ ಹೆಚ್ಚಾಯಿತೆಂದು ಗಿರಾಕಿ ಓಡುತ್ತಾನೆ, ಇಲ್ಲವೇ ಕಡಿಮೆಯಾಯಿತೆಂದು ನಾವು ಜೀವಮಾನವಿಡೀ ಕೊರಗುತ್ತೇವೆ. ನೀನೇ ಹೇಳು ಎಂದರೆ ಐನೂರು ರೂಪಾಯಿ ಎನ್ನುವವರು ಸಾಲುಗಟ್ಟುತ್ತಾರೆ. ಹೆಂಡತಿ ಒಂದು ಪವನಿನ ಅವತ್ತಿನ ರೇಟನ್ನೇ ಹಾಕಿ ಎಂದಳು. ಅವಳ ಲೆಕ್ಕ ಅವಳು ಮರೆತಿರಲಿಲ್ಲ. ಮಾವ ಮಾತ್ರ ಬೆಲೆಯೇ ಬೇಡ, ಬಟನ್ನೂ ಬೇಡ, ‘ಶೀಘ್ರದಲ್ಲೇ ಆರಂಭ’ ಎಂದಷ್ಟೇ ಹಾಕಿ ಎಂದರು. ನಾವೇ ಅಂಗಡಿ ತೆರೆಯುತ್ತಿದ್ದೇವೆ ಎಂದು ಗಿರಾಕಿಗೆ ಅನ್ನಿಸಬೇಕು, ಅವನ ಎದೆ ಧಸಕ್ಕೆನ್ನಬೇಕು. ಈ ವಿಷಯದಲ್ಲಿ ನಾನು ಮಾವನ ಪಕ್ಷ. ಮಾರಲು ಹೊರಟವನು ಅರ್ಜೆಂಟಿನಲ್ಲಿದ್ದಾನೆ ಎಂದು ಗೊತ್ತಾದ ಕ್ಷಣವೇ ಬೆಲೆ ಅರ್ಧ ಬಿತ್ತು. ಹೆಸರನ್ನು ಮಾರಾಟಕ್ಕೆ ಸಜ್ಜುಮಾಡುವುದೆಂದರೆ ಬಹುಪಾಲು ಮಾರುವ ಮನಸ್ಸಿಲ್ಲದವನ ಮುಖ ಮಾಡಿಕೊಳ್ಳುವುದು. ಆದರೆ ಪೇಟೆಯ ಪುಟದಲ್ಲಿ ‘ಶೀಘ್ರದಲ್ಲೇ ಆರಂಭ’ಕ್ಕೆ ಅವಕಾಶವಿರಲಿಲ್ಲ. ಬಟನ್ ಕಡ್ಡಾಯ, ಮಾರಿದ ಮೇಲೆ ಅವರ ಕಮಿಷನ್ನೂ ಕಡ್ಡಾಯ. ಪುಟದ ಮೇಲೆ ಅವರದೇ ಚಿತ್ರ: ಲ್ಯಾಪ್‌ಟಾಪ್ ಮುಂದೆ ಕಾರಣವಿಲ್ಲದೆ ನಗುತ್ತಿರುವ ಬಿಳಿಯ ತರುಣಿ. ನಮ್ಮ ತಿಂಡಿಯನ್ನು ಆಕೆ ಕಣ್ಣಲ್ಲೂ ಕಂಡಿರಲಾರಳು.

‘ದೊಡ್ಡ ಕಂಪನಿ ಹೆಸರೇ ತಗೋಬಹುದಿತ್ತಲ್ಲ’ ಎಂದು ಪಕ್ಕದ ಮನೆಯವರು ಕೇಳಿದರು. ಬೇಡ. 2004ರಲ್ಲೇ ಸುಪ್ರೀಂ ಕೋರ್ಟು ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ, ಟ್ರೇಡ್‌ಮಾರ್ಕಿಗೆ ಸಿಗುವ ರಕ್ಷಣೆ ಡೊಮೈನ್ ಹೆಸರಿಗೂ ಉಂಟು ಎಂದಿದೆ. 2024ರಲ್ಲಿ ದೆಹಲಿಯ ತರುಣನೊಬ್ಬ ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗುತ್ತವೆಂದು ಮೊದಲೇ ಎಣಿಸಿ ಎರಡನ್ನೂ ಕೂಡಿಸಿದ ಹೆಸರು ಕೊಂಡಿಟ್ಟಿದ್ದ. ಕೇಂಬ್ರಿಜ್‌ನಲ್ಲಿ ಓದಲು ಫೀಸು ಕೊಡಿ, ಹೆಸರು ಕೊಡುತ್ತೇನೆ ಎಂದು ಆ ಪುಟದಲ್ಲೇ ಪತ್ರ ಬರೆದು ಅಂಟಿಸಿದ. ದೇಶವೆಲ್ಲ ಓದಿತು, ಕಂಪನಿ ಒಪ್ಪಲಿಲ್ಲ. ನನಗೆ ಹೆಚ್ಚು ಇಷ್ಟವಾದವನು ಕಛ್ ಮೂಲದ ಸನ್ಮಯ್ ವೇದ್. 2015ರಲ್ಲಿ ಗೂಗಲ್ ಡಾಟ್ ಕಾಮ್ ಹೆಸರೇ 12 ಡಾಲರಿಗೆ ಮಾರಾಟಕ್ಕಿರುವುದು ಅವರ ಕಣ್ಣಿಗೆ ಬಿತ್ತು. ಕೊಂಡರು, ಒಂದು ನಿಮಿಷ ಮಾಲೀಕರಾದರು, ವ್ಯವಹಾರ ರದ್ದಾಯಿತು. ಗೂಗಲ್ ಅವರಿಗೆ ಬಹುಮಾನವಾಗಿ 6,006.13 ಡಾಲರ್ ಕೊಟ್ಟಿತು. ಆ ಅಂಕಿಗಳನ್ನು ಓರೆಗಣ್ಣಿನಿಂದ ನೋಡಿದರೆ ಗೂಗಲ್ ಎಂದೇ ಕಾಣುತ್ತದಂತೆ. ಅವರು ಅದನ್ನು ದಾನ ಮಾಡಿದ್ದರಿಂದ ಮೊತ್ತ ಇಮ್ಮಡಿಯಾಗಿ ನಮ್ಮ ಕನಕಪುರ ರಸ್ತೆಯ ಆರ್ಟ್ ಆಫ್ ಲಿವಿಂಗ್ ಸಂಸ್ಥೆಗೆ ಹೋಯಿತು. ‘ಒಂದು ನಿಮಿಷ ಸ್ವಾಧೀನದಲ್ಲಿತ್ತಾ?’ ಎಂದು ಮಾವ ಮತ್ತೆ ಮತ್ತೆ ಕೇಳಿದರು. ‘ಕೋರ್ಟಿಗೆ ಹೋಗಬೇಕಿತ್ತು.’

ಜ್ಯೇಷ್ಠದ ಕೊನೆಯಲ್ಲಿ ನಿಜದ ಗಿರಾಕಿ ಬಂದ. ದಾವಣಗೆರೆಯವನೇ, ಈಗ ಅಮೆರಿಕದ ಡಲ್ಲಾಸ್ ಬಳಿ ಇದ್ದಾನೆ, ವಾರದ ಕೊನೆಗೆ ತಿಂಡಿ ಮಾಡಿ ಕನ್ನಡಿಗರಿಗೆ ಮಾರುವ ಯೋಚನೆಯಲ್ಲಿದ್ದಾನೆ. ಇಂಗ್ಲಿಷಿನಲ್ಲಿ ಶುರುವಾದ ಚೌಕಾಸಿ ಎರಡನೆಯ ಪತ್ರಕ್ಕೆ ಕನ್ನಡಕ್ಕೆ, ಮೂರನೆಯದಕ್ಕೆ ದಾವಣಗೆರೆ ಕನ್ನಡಕ್ಕೆ ಇಳಿಯಿತು. ‘ಅಷ್ಟಕ್ಕೆ ಅಲ್ಲಿ ಒಂದು ಎಮ್ಮೀನೇ ಬರತೈತಲ್ರೀ’ ಎಂದ. ನಾನು ಇಳಿಯುತ್ತಿದ್ದೆ, ಮಾವ ಬಿಡಲಿಲ್ಲ. ಪವನು ಮುಕ್ಕಾಲಾಗುವ ಹೊತ್ತಿಗೆ ಇಬ್ಬರೂ ಒಪ್ಪಿದರು. ಹಣ ಮೊದಲು ಎಸ್ಕ್ರೋ ಎಂಬ ಮೂರನೆಯವರ ಕೈಗೆ, ಹೆಸರು ಅವನ ಖಾತೆಗೆ ಸೇರಿದ ಮೇಲೆ ನಮಗೆ. ಇದು ಮಾವನಿಗೆ ಬಹಳ ಹಿಡಿಸಿತು.

ಯಾವಾಗ ವರ್ಗ ಮಾಡುತ್ತೀರಿ ಎಂದು ಕೇಳಿದ. ಹೊಸ ಹೆಸರನ್ನು ನೋಂದಣಿಯಾದ 60 ದಿನದೊಳಗೆ ಬೇರೆ ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸುವ ಬೇರೆ ಕಂಪನಿ, ಬಳಿಗೆ ಒಯ್ಯುವಂತಿಲ್ಲ, ಬೀಗ ಬಿದ್ದಿರುತ್ತದೆ ಎಂದು ಬರೆದೆ. ಅಷ್ಟರಲ್ಲಿ ಮಾವ ಒಂಟಿಕೊಪ್ಪಲ್ ಪಂಚಾಂಗ ತೆರೆದು ಬೆರಳಲ್ಲಿ ಎಣಿಸಿದರು. ವೈಶಾಖ ಶುದ್ಧ ತದಿಗೆಗೆ 60 ದಿನ ಸೇರಿಸಿದರೆ ಬೀಗ ತೆರೆಯುವುದು ಆಷಾಢ ಶುದ್ಧ ಚೌತಿಗೆ.

‘ಆಷಾಢ! ಸಾಲದ್ದಕ್ಕೆ ಚೌತಿ, ರಿಕ್ತ ತಿಥಿ. ಆಷಾಢದಲ್ಲಿ ನಮ್ಮ ಕಚೇರೀಲಿ ನೊಣ ಹೊಡೀತಿದ್ವಿ, ಒಬ್ಬ ಕ್ರಯಕ್ಕೆ ಬರ್ತಿರಲಿಲ್ಲ.’

ಅವನು ನಮ್ಮ ರಿಜಿಸ್ಟ್ರಾರ್ ಬಳಿಯೇ ಒಂದು ಖಾತೆ ತೆರೆದರೆ ಬೀಗಕ್ಕೆ ಕಾಯದೆ ಒಳಗಿಂದೊಳಗೇ ದಾಟಿಸಬಹುದು ಎಂದೆ.

‘ದಾಟಿಸೋದು ಯಾವತ್ತು?’

‘ನಾಳೆ.’

‘ನಾಳೆ ಅಮಾವಾಸ್ಯೆ. ನಾಡಿದ್ದಿನಿಂದ ಆಷಾಢ.’

ಡಲ್ಲಾಸಿನವನಿಗೆ ಇದನ್ನು ಹೇಗೆ ಹೇಳುವುದೆಂದು ಅಳೆದು ಸುರಿದು, ಕೊನೆಗೆ ಇದ್ದದ್ದು ಇದ್ದ ಹಾಗೆ ಬರೆದೆ. ಉತ್ತರ ರಾತ್ರಿಯೇ ಬಂತು. ‘ನಮ್ಮತ್ತಿ ಇಲ್ಲೇ ಅದಾರ್ರೀ, ಆರು ತಿಂಗಳಿಗೆ ಅಂತ ಬಂದಾರ. ಅವರೂ ಆಷಾಢದಾಗ ಏನೂ ತಗೋಬ್ಯಾಡ ಅಂದ್ರು. ಶ್ರಾವಣದಾಗ ಮಾತಾಡೋಣು. ಆದ್ರ ರೇಟು ಇದಾ ಇರಬೇಕು ಅಂತ ಹೇಳ್ಯಾರ.’

ಮಾವ ಅದನ್ನು ಎರಡು ಸಲ ಓದಿಸಿದರು.

‘ಅತ್ತೆಯವರಿಗೆ ನಮಸ್ಕಾರ ಹೇಳಿದೀನಿ ಅಂತ ಬರೀರಿ. ರೇಟು ಶ್ರಾವಣದಲ್ಲಿ ಶ್ರಾವಣದ್ದು ಅಂತಲೂ ಬರೀರಿ.’